ಅಳಿಲಿಗೆ ಎಷ್ಟು ಸಣ್ಣ ಗುಂಡು

ಫೆಬ್ರವರಿ 9, ಭಾನುವಾರ

ಬೆಳಿಗ್ಗೆಯಿಂದ ಫಿಸಿಯೋಥೆರಪಿಗೆ ಬಂದದ್ದು ಬರೀ ಮೊಣಕಾಲು. ಕೊನೆಗೆ ಹೊಸ ಪೇಷೆಂಟ್ — ಕ್ಲಾರಿಸ್ಸಾ, ಇಲ್ಲೇ ಗಲ್ಫಿನ ನಮ್ಮ ಸಲ್ವಾದ ಸ್ಕೂಲೊಂದರಲ್ಲಿ ಕೆಮಿಸ್ಟ್ರಿ ಟೀಚರ್, ಅಮೆರಿಕದವರು. ಬಲ ಭುಜ ಬಿಗಿದಿದೆ. ಕೈ ಕಿವಿಯವರೆಗೆ ಬರುತ್ತದೆ, ಮೇಲಕ್ಕಿಲ್ಲ. ಎಲ್ಲರಲ್ಲೂ ಕೇಳುವುದನ್ನೇ ಕೇಳಿದೆ: ಈ ಕೈಯಿಂದ ಮುಖ್ಯವಾಗಿ ಏನು ಮಾಡಬೇಕು ನಿಮಗೆ?

"ಅಳಿಲು ಹೊಡೀಬೇಕು."

ಜೂನ್‌ನಲ್ಲಿ ರಿಟೈರ್ ಅಂತೆ. ಕೆಂಟಕಿಯಲ್ಲಿ ತಮ್ಮ ಇದ್ದಾನೆ. ಆಗಸ್ಟ್‌ನಲ್ಲಿ ಅಲ್ಲಿ ಅಳಿಲು ಬೇಟೆ ಶುರು. ಅದಕ್ಕೊಂದು ಕೋವಿ ಆರಿಸುತ್ತಿದ್ದಾರೆ, ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡಿಟ್ಟು, ಕೋಲಿನಿಂದ ಜಡಿಯುವಂಥದು. ನಮ್ಮೂರ ಕಡೆಯ ಕೇಪಿನ ಕೋವಿ!

ಅಳಿಲಿನ ಬೆನ್ನಿಗೆ ರಾಮ ಸವರಿದ ಗೆರೆ ಇದೆ, ನಮ್ಮಲ್ಲಿ ಕೊಲ್ಲುವುದಿಲ್ಲ ಅಂದೆ.

"ನಮ್ಮ ಅಳಿಲಿಗೆ ಗೆರೆ ಇಲ್ಲ." ಮುಖದಲ್ಲಿ ನಗು ಇರಲಿಲ್ಲ.

ನಮ್ಮ ಸೀನಿಯರ್ ಥೆರಪಿಸ್ಟ್ ಮಗ್ದಲೀನ್ — ಅಕ್ಕ ಅನ್ನುವ ಹಾಗೆ ನಾವು ಬಾಯಿ ಅನ್ನುತ್ತೇವೆ — ಅವರಿಗೆ ಒಂದೇ ಚಿಂತೆ. "ಮಸಾಲೆ ಹಾಕಿ ಸುಕ್ಕ ಮಾಡ್ತಾರಂತಾ?"

ಫೆಬ್ರವರಿ 16, ಭಾನುವಾರ

ಭುಜ ಸ್ವಲ್ಪ ಸಡಿಲ. ವ್ಯಾಯಾಮದುದ್ದಕ್ಕೂ ಕೋವಿ ಮಾತು. ಆಯ್ಕೆ ಎರಡಕ್ಕೆ ಇಳಿದಿದೆ. ಥ್ರೀ ಟು, ಅಂದರೆ ನಳಿಗೆಯ ಬಾಯಿ ಪಾಯಿಂಟ್ ಥ್ರೀ ಟು ಇಂಚು — ಗುಂಡು ಕಡಲೆಕಾಳಿನಷ್ಟು, ತಲೆಗೆ ತಾಗಿದರೆ ಮಾಂಸ ಹಾಳಾಗುವುದಿಲ್ಲ. ಥ್ರೀ ಸಿಕ್ಸ್ — ತುಸು ದೊಡ್ಡದು, ಗಾಳಿಗೆ ಬೇಗ ಸರಿಯುವುದಿಲ್ಲ.

ಭುಜಕ್ಕೆ ಒದೆಯುವುದಿಲ್ಲವಾ ಅಂತ ಕೇಳಿದೆ. ಎರಡೂ ಒದೆಯುವುದಿಲ್ಲವಂತೆ. ಕಷ್ಟ ಇರುವುದು ತುಂಬುವುದರಲ್ಲಿ. ಕೋವಿಯನ್ನು ನೆಲಕ್ಕೂರಿ ನಿಲ್ಲಿಸಿ, ಕೋಲನ್ನು ತಲೆಯ ಮೇಲಕ್ಕೆ ಎಳೆದು ತೆಗೆಯಬೇಕು. ಅಂದರೆ ನಳಿಗೆ ಗಿಡ್ಡ ಇದ್ದಷ್ಟು ಒಳ್ಳೆಯದು. ಸ್ಟೋರಿನಿಂದ ಕರ್ಟನ್ ರಾಡ್ ತಂದು ನಿಲ್ಲಿಸಿ ನೋಡಿದೆವು. ಇಂಥ ಎಕ್ಸರ್‌ಸೈಜ್ ಯಾವ ಪುಸ್ತಕದಲ್ಲೂ ಇಲ್ಲ...

ಫೆಬ್ರವರಿ 18, ಮಂಗಳವಾರ

ಕ್ಲಾರಿಸ್ಸಾ ಸೈಕಲ್ ಬೇರಿಂಗಿನ ಗುಂಡುಗಳನ್ನು ತಂದಿದ್ದರು. ಕರ್ಟನ್ ರಾಡಿನ ಟೊಳ್ಳು ಬಾಯಿಗೆ ಬಟ್ಟೆ ತುಂಡು, ಅದರ ಮೇಲೆ ಗುಂಡು, ಹೆಬ್ಬೆರಳಿನಿಂದ ಒತ್ತುವ ಅಭ್ಯಾಸ. ಸಣ್ಣದು ಬಿತ್ತು. ಮತ್ತೆ ಬಿತ್ತು. ದೊಡ್ಡದೂ ಬಿತ್ತು. ಗುಂಡು ಹುಡುಕುತ್ತಾ ಮಂಚದಡಿ ಬಗ್ಗಿ ನಗುತ್ತಿದ್ದರು.

ನಾನು ಅವರ ಬಲಗೈ ನೋಡುತ್ತಿದ್ದೆ. ಹೆಬ್ಬೆರಳು, ತೋರುಬೆರಳಿನ ನಡುವೆ ಹಳ್ಳ. ಎಡಗೈಯಲ್ಲಿ ಇಲ್ಲ. ಮುಂಗೈ ಚರ್ಮದಡಿ ಹುಳು ಹರಿದ ಹಾಗೆ ಮಾಂಸ ಮಿಡಿಯುತ್ತಿತ್ತು. ಇದು ಭುಜದಿಂದ ಬರುವುದಲ್ಲ.

ಮಗ್ದಲೀನ್ ಬಾಯಿಗೆ ಹೇಳಿದೆ. ಬಾಗಿಲು ಮುಚ್ಚಿ ಬಂದರು. "ಡಾಕ್ಟರತ್ರ ಕಳಿಸು ದೀಕ್ಷಿತಾ. ಆದ್ರೆ ಕಾಯಿಲೆ ಹೆಸರು ಹೇಳ್ಬೇಡ ಮಾರಾಯ್ತಿ. ಅದು ನಮ್ಮ ಬಾಯಿಂದ ಬರ್ಬಾರ್ದು."

ಫೆಬ್ರವರಿ 20, ಗುರುವಾರ

ಹೇಳಿದೆ. ನರಗಳ ಡಾಕ್ಟರನ್ನು ನೋಡಿ ಅಂತ.

"ಭುಜಕ್ಕಾ?"

"ಅಲ್ಲ. ಕೈಗೆ."

"ನಿಮಗೇನೋ ಗೊತ್ತು."

"ಗೊತ್ತಿಲ್ಲ. ಸಂಶಯ ಇದೆ."

"ಸಂಶಯಕ್ಕೊಂದು ಹೆಸರು ಇರಬೇಕಲ್ಲ?"

ನಾನು ಹಾಟ್ ಪ್ಯಾಕ್ ತೆಗೆದೆ. ಅವರೇ ಟವೆಲ್ ಮಡಚಿಟ್ಟರು. "ಇರಲಿ. ಟೆಸ್ಟ್ ಮಾಡದೆ ಹೆಸರು ಹೇಳಬೇಡಿ ಅಂತ ನಾನೇ ಮಕ್ಕಳಿಗೆ ಹೇಳ್ತೇನೆ."

ಮಾರ್ಚ್ 11, ಮಂಗಳವಾರ

ರಂಜಾನ್. ಕ್ಲಿನಿಕ್ ತೆರೆಯುವುದು ಇಫ್ತಾರ್ ಆದ ಮೇಲೆ. ಮೊದಲು ಬಂದವರೇ ಕ್ಲಾರಿಸ್ಸಾ. ಬಟನ್ ಹಾಕದ ಕೋಟು.

ಮೋಟಾರ್ ನ್ಯೂರಾನ್ ಕಾಯಿಲೆ. ಎರಡನೇ ಡಾಕ್ಟರೂ ಅದನ್ನೇ ಹೇಳಿದರಂತೆ. ಮೊದಲು ಕೈ, ಆಮೇಲೆ ಕಾಲು, ನಾಲಿಗೆ, ಉಸಿರು. ಯಾವುದು ಯಾವಾಗ ಅಂತ ಯಾರೂ ಹೇಳಲಾರರು.

"ನೀವು ಹೆಸರು ಹೇಳದೇ ಇದ್ದದ್ದು ಒಳ್ಳೆಯದಾಯ್ತು. ಅಷ್ಟು ದಿನ ನಿದ್ದೆ ಬಂತು."

ಒಳಗೆ ಹೋಗಿ ಹಾಟ್ ಪ್ಯಾಕ್‌ಗಳನ್ನು ಜೋಡಿಸಿದೆ. ಜೋಡಿಸಿದ್ದನ್ನೇ ಇನ್ನೊಮ್ಮೆ ಜೋಡಿಸಿದೆ. ಹೊರಬಂದು ಕೇಳಿದ್ದು — ಕೋವಿ?

"ಇನ್ನೂ ಆರಿಸಿಲ್ಲ" ಅಂದರು, ರಾಡ್ ತರುವುದಕ್ಕೆ ತಾವೇ ಎದ್ದರು.

ಏಪ್ರಿಲ್ 10, ಗುರುವಾರ

ಆರ್ಡರ್ ಆಯಿತು. ತಮ್ಮನ ವಿಳಾಸಕ್ಕೆ. ಥ್ರೀ ಟು!

ನಾನು ದೊಡ್ಡದರ ಪರ ವಾದಿಸಿದ್ದೆ. ಬೆರಳಿಗೆ ಅಷ್ಟಾದರೂ ಸುಲಭ.

"ತುಂಬುವವನು ತಮ್ಮ. ಅಂದ ಮೇಲೆ ಗುಂಡು ಎಷ್ಟು ಸಣ್ಣದಾದರೇನು? ಗುರಿ ಮಾತ್ರ ನನ್ನದು."

ನಳಿಗೆಯೂ ಈಗ ಉದ್ದದ್ದೇ. ಭಾರ ಹೊರುವುದು ಮರದ ಕವಲು. ಎಡ ಭುಜಕ್ಕೆ ಹಿಡಿಯುವುದನ್ನು ಕಲಿಸುತ್ತಿದ್ದೇನೆ. ಎಡಗಣ್ಣು ತೆರೆದು ಬಲಗಣ್ಣು ಮುಚ್ಚುವುದು ಅವರಿಗೆ ಬರುವುದಿಲ್ಲ. ಎರಡೂ ಮುಚ್ಚುತ್ತವೆ. ಇವತ್ತು ಅದಕ್ಕೇ ಇಬ್ಬರೂ ನಕ್ಕು ನಕ್ಕು ಸುಸ್ತು. ಪಕ್ಕದ ಕ್ಯುಬಿಕಲ್‌ನಿಂದ ಯಾರೋ "ಶ್‌" ಅಂದರು.

ಆಗಸ್ಟ್ 17, ಭಾನುವಾರ

ಊಟದ ಬಿಡುವು. ಹೊರಗೆ ಉಸಿರಾಡಲಾಗದ ಸೆಕೆ.

ಕೆಂಟಕಿಯಿಂದ ಕ್ಲಾರಿಸ್ಸಾರ ವಾಯ್ಸ್ ಮೆಸೇಜ್. ನಿನ್ನೆ ಬೇಟೆಯ ಮೊದಲ ದಿನ. ತಮ್ಮ ತುಂಬಿಕೊಟ್ಟ. ಮೊದಲನೆಯದು ತಪ್ಪಿತು, ಬರೀ ತೊಗಟೆ ಹಾರಿತು. ಎರಡನೆಯದಕ್ಕೆ ಬಿತ್ತು. ತಲೆಗೇ. ರಾತ್ರಿ ಗ್ರೇವಿ. ಖುಷಿಯಲ್ಲಿದ್ದರು, ನಿಜವಾಗಿಯೂ.

ಮಗ್ದಲೀನ್ ಬಾಯಿಗೂ ಕೇಳಿಸಿದೆ. "ಪಾಪ, ಎಷ್ಟು ಖುಷಿ ನೋಡು" ಅಂದರು. ಆಮೇಲೆ ನನ್ನ ಮುಖ ನೋಡಿದರು. ಅವರಿಗೂ ಗೊತ್ತಾಗಿದೆ. ಕ್ಲಾರಿಸ್ಸಾರ ಮಾತು ಎಳೆಯುತ್ತಿದೆ. 'ಸ' ಇರುವಲ್ಲೆಲ್ಲ ನಾಲಿಗೆ ದಪ್ಪ.

ಉತ್ತರ ಕಳಿಸಬೇಕು. ಕಂಗ್ರಾಟ್ಸ್ ಅಂತ. ಎಡಗಣ್ಣು ತೆರೆದಿತ್ತಾ ಅಂತ ಕೇಳಬೇಕು. ಎರಡು ಸಲ ರೆಕಾರ್ಡ್ ಮಾಡಿ ಅಳಿಸಿದೆ, ನನಗೆ ಗೊತ್ತಾದದ್ದು ನನ್ನ ಧ್ವನಿಯಲ್ಲಿ ಅವರಿಗೆ ಕೇಳಿಸೀತು ಅಂತ.