ಲೇಥಿನ ಮೇಲಿನ ಕುಂಕುಮದ ಗೆರೆ

ಆಳಂದ
27-12-1988

ರಸೂಲನಿಗೆ,

ನಿನ್ನ ಹೆಸರಿನ ಮುಂಚೆ ಏನು ಬರೆಯಬೇಕೋ ತಿಳಿಯದೆ ಅಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದಕ್ಕೆ ಉತ್ತರ ಹೇಳು: ಆ ಬುಶ್ ಯಾಕೆ ಕಳಿಸಿದೆ?

ಎಂಟು ದಿನದ ಹಿಂದೆ ಗುಲಬರ್ಗಾ ಬಸ್ಸಿನ ಕಂಡಕ್ಟರ್ ಬಾಗಿಲಿಗೆ ಬಂದು ಒಂದು ಗಂಟು ಕೊಟ್ಟ. ನೋಡಲು ಅಂಗೈಯಷ್ಟು, ಹಿಡಿದರೆ ಕಲ್ಲಿನಂಥ ಭಾರ. ಯಾರು ಕೊಟ್ಟರು ಎಂದೆ. “ಜೇವರ್ಗಿ ಬಸ್ಸಿನವ ಕೊಟ್ಟಾನ್ರಿ. ಅವಗ ಯಡ್ರಾಮಿ ಬಸ್ಸಿನವ ಕೊಟ್ಟಾನಂತ” ಎಂದ. ಯಡ್ರಾಮಿ ಅಂದ ಕೂಡಲೇ ನನಗೆ ತಿಳಿಯಿತು. ನಿನ್ನ ಹೆಂಡತಿ ಗೌಸಿಯಾಬೇಗಂಳ ತವರು ಯಡ್ರಾಮಿ. ಇಲ್ಲಿಂದ ಹೋದ ಮೇಲೆ ನೀನು ಸೇರಿದ್ದೂ ಅಲ್ಲೇ. ರಸೂಲ ಏನು ಹೇಳಿ ಕೊಟ್ಟ, ನಗುತ್ತಿದ್ದನೋ ಸಿಟ್ಟಿನಲ್ಲಿದ್ದನೋ ಎಂದು ಒಂದೊಂದೇ ಕೇಳತೊಡಗಿದಾಗ ಕಂಡಕ್ಟರನಿಗೆ ತಲೆ ಕೆಟ್ಟಿತು. “ನಾ ಏನ್ ಬಾಂಬ್ ತಂದೀನೇನ್ರಿ ಬಡಿಗ್ಯಾರ? ತಗೋರಿ, ಬಸ್ ಬಿಡೂ ಟೈಮ್ ಆಗ್ಯಾದ” ಎಂದು ಹೋದ.

ಎಣ್ಣೆಯಲ್ಲಿ ಅದ್ದಿದ ಲುಂಗಿಯ ತುಂಡು, ಅದರ ಮೇಲೆ ಹಳೆ ಪೇಪರು. ಪೇಪರನ್ನು ಹಿಂದೆ ಮುಂದೆ ತಿರುವಿ ಹಾಕಿದೆ, ಚೀಟಿ ಇದ್ದೀತೆಂದು. ಇರಲಿಲ್ಲ. ಒಳಗೆ ಹೊಸ ಕಂಚಿನ ಬುಶ್, ಕಬ್ಬಿಣ ಕಡೆಯುವ ನಮ್ಮ ಲೇಥಿನ ಅಚ್ಚು, ಆ ಸ್ಪಿಂಡಲ್, ಕೂತು ತಿರುಗುವ ಬಳೆ. ಕ್ಯಾಲಿಪರ್ ಹಿಡಿದು ಮೂರು ಸಲ ಅಳೆದೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ನಮ್ಮ ಲೇಥ್ ಕೆಟ್ಟು ನಿಂತ ಸುದ್ದಿ ಯಡ್ರಾಮಿಗೆ ಹೇಗೆ ಮುಟ್ಟಿತು? ಮನೆಯಲ್ಲೇ ಯಾರೋ ಇದ್ದಾರೆ. ನನ್ನಾಕೆ ಗಂಗಾಬಾಯಿಯನ್ನು ಕೇಳಿದರೆ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, ತಲೆಯನ್ನೂ ಎತ್ತದೆ, “ನನಗೇನ್ ಗೊತ್ರಿ” ಎಂದಳು. ಹೋದ ತಿಂಗಳು ದರ್ಗಾಕ್ಕೆಂದು ಬಂದ ನಿನ್ನ ಹೆಂಡತಿಯ ಜೊತೆ ಇವಳು ಒಂದು ತಾಸು ಮಾತಾಡಿದ್ದು ನನಗೆ ತಿಳಿಯದ ವಿಷಯವೇನಲ್ಲ. ಇರಲಿ. ಆದರೆ ಕಳಿಸಿದ್ದು ಯಾಕೆ? ಲೇಥಿನಲ್ಲಿ ನಿನ್ನ ಅರ್ಧ ಪಾಲಿದೆ ಎಂದು ನೆನಪು ಮಾಡುವುದಕ್ಕೋ, ನನ್ನ ಮುಖಕ್ಕೆ ಮಸಿ ಬಳಿಯುವುದಕ್ಕೋ, ನಾನೇ ಮೊದಲು ಕಾಗದ ಬರೆಯಲಿ ಎಂದೋ? ಮೂರನೆಯದಾಗಿದ್ದರೆ ನೀನು ಗೆದ್ದೆ. ಆ ಬುಶ್ ಎಂಟು ದಿನದಿಂದ ದೇವರ ಮಾಡದಲ್ಲಿ ಕೂತಿದೆ. ನಾನು ಹೋಗುತ್ತಾ ಬರುತ್ತಾ ಅದನ್ನು ಕಳ್ಳನನ್ನು ನೋಡಿದಂತೆ ನೋಡುತ್ತಿದ್ದೇನೆ.

ನನ್ನ ಸ್ವಭಾವ ನಿನಗೆ ಹೊಸದಲ್ಲ. ಕಿರಾಣಿ ಅಂಗಡಿಯಲ್ಲಿ ತಕ್ಕಡಿಯ ಕೆಳಗೆ ಬಗ್ಗಿ ನೋಡುವವನು ನಾನು. ಎಂಬತ್ತೊಂದರ ಬೇಸಿಗೆಯಲ್ಲಿ ಇದೇ ಸ್ವಭಾವ ನಮ್ಮಿಬ್ಬರನ್ನೂ ಕಾಪಾಡಿತ್ತು. ಸೊಲ್ಲಾಪುರದಲ್ಲಿ ಒಂಬತ್ತು ವರ್ಷ ಲೇಥಿನ ಮೇಲೆ ಟರ್ನರ್ ಕೆಲಸ ಮಾಡಿ ಬಂದ ನೀನು ನಮ್ಮ ಹಿತ್ತಲಿನ ಖಾಲಿ ಕೊಟ್ಟಿಗೆ ನೋಡಿ ಒಂದು ಹುಚ್ಚು ಹಿಡಿಸಿದೆ. ರೈತ ಬಿತ್ತುವ ಕೂರಿಗೆಯ ಮರಕ್ಕೆ ನನ್ನ ಮನೆಗೆ, ಕಬ್ಬಿಣಕ್ಕೆ ಇನ್ನೊಬ್ಬನ ಮನೆಗೆ ಯಾಕೆ ಅಲೆಯಬೇಕು? “ಒಂದ ತಗಡಿನ ಕೆಳಗ ಕಟಗಿನೂ ಆಗ್ಲಿ, ಕಬ್ಣಾನೂ ಆಗ್ಲಿ ಮೋನಪ್ಪ. ರೈತ ಬರೀ ಕೈಲೆ ಬರ್ಲಿ, ಕೂರಿಗಿ ಹೊತ್ಕೊಂಡು ಹೋಗ್ಲಿ” ಅಂದಿದ್ದೆ. ಉಳಿ, ಬಾಚಿ, ಕೈರಂದಾ ಬಿಟ್ಟು ಬೇರೇನೂ ಕಾಣದ ನನಗೆ ಆ ಮಾತಿಗೆ ಒಂದು ವಾರ ನಿದ್ದೆ ಬರಲಿಲ್ಲ.

ಸೊಲ್ಲಾಪುರದ ಮುಚ್ಚುತ್ತಿದ್ದ ಒಂದು ಕಾರ್ಖಾನೆಯಲ್ಲಿ ಎರಡು ಹಳೆ ಲೇಥ್ ಮಾರಾಟಕ್ಕಿದ್ದವು. ನೀನು ಸ್ಕ್ರೂಡ್ರೈವರಿನ ಹಿಡಿಗೆ ಕಿವಿ ಹಚ್ಚಿ ಸ್ಪಿಂಡಲಿನ ಸದ್ದು ಕೇಳಿ ಮೊದಲನೆಯದೇ ಒಳ್ಳೆಯದೆಂದೆ. ನನಗೆ ಅದರ ಹೊಸ ಹಸಿರು ಬಣ್ಣ ಸರಿ ಕಾಣಲಿಲ್ಲ. ಮುದುಕಿಗೆ ಇಷ್ಟು ಪೌಡರ್ ಯಾಕೆ ಎಂದು ಉಗುರಿನಿಂದ ಕೆರೆದೆ. ಕೆಳಗೆ ಎರಕದ ಕಬ್ಬಿಣದಲ್ಲಿ ಗೇಣುದ್ದ ಬಿರುಕು. ಎರಡನೆಯದನ್ನು ಲಾರಿಗೆ ಹೇರಿಸಿಕೊಂಡು ಬಂದೆವು. ವಾಗ್ದರಿ ದಾಟುವಾಗ ಲೇಥಿಗೆ ಒರಗಿ ಕೂತು ನೀನು ಹೇಳಿದ್ದೆ: “ನಿನ್ನ ಸಂಶಯ ಮನಿಗಿ ನಾಯಿ ಇದ್ದಂಗ ಮೋನಪ್ಪ, ಇರಬೇಕು. ಆದ್ರ ತನ್ನ ಮಂದಿಗಿ ಬೊಗಳಬಾರದು ನೋಡು.” ಇಬ್ಬರೂ ನಕ್ಕೆವು.

ಆಮೇಲೆ ಕೊಟ್ಟಿಗೆ ಕಾರ್ಖಾನೆ ಆದದ್ದು ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ. ಲೇಥಿಗೆ ಜಾಲಿ ಮರದ ಪೀಠ ನಾನು ಮಾಡಿದೆ. ಬುಶ್ ಸವೆದಿದೆ ಎಂದು ಗುಲಬರ್ಗಾಕ್ಕೆ ಹೋಗಿ, ಯಾರದೋ ಲೇಥ್ ಕೇಳಿಕೊಂಡು ಹೊಸದು ಕಡೆದು ತಂದು ಕೂರಿಸಿದವನು ನೀನು. ಗೋಡೆಯುದ್ದಕ್ಕೂ ಒಂದು ಶಾಫ್ಟು, ಒಂದೇ ಮೋಟಾರು, ಅದರಿಂದ ಮೂರು ತೊಗಲಿನ ಪಟ್ಟಾ: ಒಂದು ನಿನ್ನ ಲೇಥಿಗೆ, ಒಂದು ನನ್ನ ಚಕ್ರ ಗರಗಸಕ್ಕೆ, ಇನ್ನೊಂದು ರಂದಾ ಮಷಿನ್ನಿಗೆ. ಮರುವರ್ಷ ಡ್ರಿಲ್ಲು, ಸಾಣೆಯ ಚಕ್ರ. ಕರೆಂಟು ಬಂದಾಗ ಮೂರೂ ಒಟ್ಟಿಗೆ ಹೊರಟರೆ ಗಂಗಾಬಾಯಿಯ ಡಬರಿ, ತಟ್ಟೆಗಳು ಅಡಿಗೆಮನೆಯಲ್ಲಿ ತಾವೇ ಕುಣಿಯುತ್ತಿದ್ದವು. ಕಡಗಂಚಿಯ ಬೀರಣ್ಣ ನಮ್ಮ ಮೊದಲ ಕೂರಿಗೆ ಹೊತ್ತುಕೊಂಡು ಹೋಗಿ, ತೊಗರಿ ಬಿತ್ತಿ, ಸಾಲು ನೆಟ್ಟಗೆ ಬಂದಿವೆ ಎಂದು ಹೇಳಲಿಕ್ಕೇ ಬಸ್ಸು ಹತ್ತಿ ಬಂದಿದ್ದ.

ಅದೇ ಬೀರಣ್ಣ ಐದು ವರ್ಷದ ಮೇಲೆ ಬಂದು ನನ್ನ ಕಿವಿಯಲ್ಲಿ ಇನ್ನೊಂದು ಮಾತು ಹಾಕಿದ. “ನಿಮ್ಮ ರಸೂಲ ಅಫಜಲಪುರದಾಗ ಶೆಡ್ ನೋಡಾಕತ್ತಾನಂತಲ್ರಿ.” ಬೇರೆ ಕಾರ್ಖಾನೆ ಹಾಕುತ್ತೀಯಾ ಎಂದು ನಿನ್ನನ್ನೇ ಕೇಳಿದ್ದರೆ ಮುಗಿಯುತ್ತಿತ್ತು. ನಾನು ಕೇಳಲಿಲ್ಲ, ನೋಡತೊಡಗಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಲೇಥಿಗೂ ಗರಗಸಕ್ಕೂ ನಡುವೆ ನೀನು ಗೋಣಿತಟ್ಟಿನ ಪರದೆ ಕಟ್ಟಿದೆ. “ಕಟಗಿ ಹೊಟ್ಟು ಮಷಿನ್ನಿನ ಎಣ್ಣಿ ಕುಡಿತದ, ಜಂಗ್ ಹಿಡಿತದ” ಎಂದು ಕಾರಣ ಹೇಳಿದೆ. ಐದು ವರ್ಷ ಕುಡಿಯದ ಎಣ್ಣೆ ಈಗ ಯಾಕೆ ಕುಡಿಯುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಸಂಜೆ ಮನೆಗೆ ಹೋಗುವಾಗ ನಿನ್ನ ಊಟದ ಡಬ್ಬಿ ಬೆಳಿಗ್ಗೆಗಿಂತ ಭಾರವಾಗಿರುತ್ತಿತ್ತು. ಸೈಕಲ್ಲಿನ ಹ್ಯಾಂಡಲ್ ಎಡಕ್ಕೆ ವಾಲುವುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ.

ಕಾರ್ಖಾನೆಗೆ ವಾರಕ್ಕೊಮ್ಮೆ ನಿನ್ನ ಶುಕ್ರವಾರ ಮಧ್ಯಾಹ್ನ ಬಿಡುವು, ತಿಂಗಳಿಗೊಮ್ಮೆ ನನ್ನ ಅಮಾವಾಸ್ಯೆ. ನಮ್ಮ ಪಾಂಚಾಳರ ಮನೆಗಳಲ್ಲಿ ಅಮಾವಾಸ್ಯೆಯ ದಿನ ಉಳಿ ಸುತ್ತಿಗೆ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು ಇಟ್ಟರೆ ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಅಪ್ಪ ಸಾಯುವಾಗ ಹೇಳಿದ ಮಾತು ಅದು. ಮಷಿನ್ ಬಂದ ಮೇಲೆ ಮಷಿನ್ನಿಗೂ ಅದೇ ನೇಮ. ಒಮ್ಮೆ ಅಮಾವಾಸ್ಯೆಯ ಮರುದಿನ ಲೇಥಿನ ಪಟ್ಟಾ ಹೊಸದಾಗಿ ಏರಿಸಿದ ಹಾಗೆ ಕಂಡಿತು. “ನಿನ್ನೆ ಯಾರೂ ಮಷಿನ್ ಮುಟ್ಟಿಲ್ಲ ತಾನೆ?” ಎಂದು ಗಾಳಿಗೆ ಕೇಳಿದಂತೆ ಕೇಳಿದೆ. ನೀನು ಚಿಂದಿ ಅರಿವೆ ತೆಗೆದುಕೊಂಡು ಕೈ ಒರೆಸಿಕೊಳ್ಳತೊಡಗಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಆಯಿತು ನನಗೆ. ನನ್ನ ಬೆನ್ನ ಹಿಂದೆ, ಪೂಜೆಯಾದ ಲೇಥಿನಲ್ಲಿ, ಇವನು ಸ್ವಂತ ಗಿರಾಕಿಗಳ ಕೆಲಸ ಮಾಡಿಕೊಳ್ಳುತ್ತಿದ್ದಾನೆ ಎಂದು ಕಲ್ಲಿನಲ್ಲಿ ಕೊರೆದ ಹಾಗೆ ಕೂತುಬಿಟ್ಟಿತು.

ಈಗ ಬರೆಯುವುದನ್ನು ಇವತ್ತಿನವರೆಗೆ ನಿನಗೆ ಹೇಳಿಲ್ಲ. ಎರಡು ವರ್ಷದ ಹಿಂದಿನ ಎಳ್ಳಮಾವಾಸ್ಯೆ. ನಾವೆಲ್ಲ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ನರೋಣಾದ ಹೊಲಕ್ಕೆ ಹೊರಟಿದ್ದೆವು. ಪೂಜೆ ಮಾಡುವಾಗ ಲೇಥಿನ ತಿರುಗದ ಮೈಯಿಂದ ಕಬ್ಬಿಣವನ್ನು ಕಚ್ಚಿ ಹಿಡಿದು ತಿರುಗುವ ಚಕ್ಕಿನ ಮೇಲಕ್ಕೆ ಬೆರಳಿನಿಂದ ಒಂದು ಕುಂಕುಮದ ಗೆರೆ ಎಳೆದೆ. ಚಕ್ ಒಂದು ಬೆರಳು ತಿರುಗಿದರೂ ಗೆರೆ ಎರಡಾಗಬೇಕು. ದೇವರ ಕುಂಕುಮವನ್ನು ಪೊಲೀಸನನ್ನಾಗಿ ಮಾಡಿದ ಬಡಿಗ ನಾನೊಬ್ಬನೇ ಇರಬೇಕು. ಹೊಲದಲ್ಲಿ ಎಲ್ಲರೂ ಕಾಳು ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುತ್ತಿದ್ದರೆ ನಾನು ಹೊತ್ತು ಇಳಿಯುವುದನ್ನೇ ನೋಡುತ್ತಿದ್ದೆ. ಸಂಜೆ ಬಂದು ನೋಡಿದೆ. ಚಕ್ಕಿನ ಮೇಲಿನ ಅರ್ಧ ಗೆರೆ ಮೈಯ ಮೇಲಿನ ಅರ್ಧದಿಂದ ಗೇಣು ದೂರ ಹೋಗಿತ್ತು.

ಮರುದಿನ ಬೆಳಿಗ್ಗೆಯೇ ಬೀಗ ಬದಲಿಸಿದೆ. ನೀನು ಬಂದು ನಿನ್ನ ಕೀಲಿಕೈ ಹಾಕಿ ತಿರುಗಿಸಿದೆ, ತಿರುಗಲಿಲ್ಲ. ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. “ಕೀಲಿ ಬದಲ್ ಮಾಡೀದಿ?” ಎಂದು ಕೇಳಿದೆ ನೀನು. “ಮಾಡೀನಿ” ಎಂದೆ ನಾನು. “ನನಗ ಹೇಳಲಿಲ್ಲ?” “ನೀ ಎಲ್ಲಾ ನನಗ ಹೇಳ್ತೀಯೇನು?” ನೀನು ಹಳೆ ಕೀಲಿಕೈಯನ್ನು ಹೊಸ್ತಿಲ ಮೇಲೆ ಇಟ್ಟು ಸೈಕಲ್ ಹತ್ತಿ ಹೋದೆ. ಪಾಲು ಕೇಳಲಿಲ್ಲ, ಜಗಳ ಆಡಲಿಲ್ಲ. ತಪ್ಪು ಇಲ್ಲದವನು ಜಗಳ ಆಡದೆ ಬಿಡುತ್ತಾನೆಯೇ ಎಂದು ಅದನ್ನೂ ಸಾಕ್ಷಿಗೆ ಸೇರಿಸಿಕೊಂಡೆ.

ಈ ಮಳೆಗಾಲದಲ್ಲಿ ಲೇಥ್ ಬಿಸಿಯಾಗಿ, ಕಿರುಚಿ, ಒಂದು ದಿನ ನಿಂತೇಬಿಟ್ಟಿತು. ನೀನು ಹೋದ ಮೇಲೆ ಅದನ್ನು ನಾನೇ ಹೇಗೋ ನಡೆಸುತ್ತಿದ್ದೆ. ಗುಲಬರ್ಗಾದಿಂದ ಸೈದಪ್ಪ ಎಂಬ ಮಿಸ್ತ್ರಿಯನ್ನು ಕರೆಸಿದೆ. ಅವನು ಮುಚ್ಚಳ ತೆಗೆದು ನೋಡಿ ತಲೆ ಅಲ್ಲಾಡಿಸಿದ. “ಬುಶ್ ಸುಟ್ಟು ಸ್ಪಿಂಡಲ್‌ಗೆ ಅಂಟ್ಯದ್ರಿ. ಇಂಥ ಹಳೀ ಮಷಿನ್ ಸುಮ್ನ ನಿಂತ ದಿನಾ ಎಣ್ಣಿ ಕೆಳಗ ಇಳಿತದ. ಎಣ್ಣಿ ಬಿಟ್ಟು ಕೈಲೆ ನಾಕ್ ಸುತ್ತು ತಿರುಗಸಬೇಕು. ಪಟ್ಟಾ ಇಳಿಸಿಡಬೇಕು, ಇಲ್ಲಾಂದ್ರ ಜಗ್ಗತದ. ಮೊದ್ಲು ಯಾರೋ ಬಾಳ ಜ್ವಾಕಿ ಮಾಡ್ಯಾರ. ಯಾರ್ರಿ ಅವ್ರು?”

ನಾನು ಬಾಯಿ ತೆರೆಯುವ ಮುಂಚೆ ಗಂಗಾಬಾಯಿ ಒಳಗಿನಿಂದ ಹೇಳಿದಳು: “ರಸೂಲಣ್ಣ. ಪ್ರತಿ ಅಮಾಸಿಗಿ ನೀವು ಗುಡಿಗಿ ಹೋದಾಗ ಬಂದು ಎಣ್ಣಿ ಬಿಟ್ಟು, ಕೈಲೆ ತಿರುಗಿಸಿ ಹೋಗ್ತಿದ್ದ. ಅಮಾಸಿ ದಿನ ಮುಟ್ಟಿದ್ದು ತಿಳದ್ರ ಮೋನಪ್ಪಗ ನೋವಾಗತದ, ಹೇಳಬ್ಯಾಡ್ರಿ ವೈನಿ ಅಂದಿದ್ದ.” ನನಗ್ಯಾಕ ಹೇಳಲಿಲ್ಲ ಎಂದು ಸಿಟ್ಟಿನಿಂದ ಕೇಳಿದೆ. “ಅವ ಬಿಟ್ಟು ಹೋದ ದಿನ ಏನಾಯ್ತ್ರಿ ಅಂತ ಕೇಳಾಕ ಬಂದೆ. ಹೆಂಗಸರಿಗಿ ಕಾರ್ಖಾನಿ ಮಾತು ಬ್ಯಾಡ ಅಂದ್ರಿ. ಸುಮ್ನಾದೆ” ಎಂದಳು. ಗೆರೆಯ ವಿಷಯ ಅವಳಿಗೂ ಹೇಳಿರಲಿಲ್ಲವಲ್ಲ ನಾನು. ಅಫಜಲಪುರದ ಶೆಡ್ ನಿನ್ನ ಷಡ್ಡಕನ ಹಿಟ್ಟಿನ ಗಿರಣಿಗೆ ಎಂಬುದೂ ಆಮೇಲೆ ಬೀರಣ್ಣನ ಬಾಯಿಂದಲೇ ಬಂತು. ಅವನು ಅದನ್ನು ಮಳೆ ಬಂತು ಎಂದು ಹೇಳುವಷ್ಟು ಸರಳವಾಗಿ ಹೇಳಿದ.

ರಸೂಲ, ನಾನು ತಪ್ಪು ಮಾಡಿದೆ. ನಾಯಿ ತನ್ನ ಮನೆಯವನನ್ನೇ ಕಚ್ಚಿತು. ಇದನ್ನು ಬರೆಯಲು ನಾಲ್ಕು ತಿಂಗಳು ಬೇಕಾಯಿತು, ನಿನ್ನ ಬುಶ್ ಬರಬೇಕಾಯಿತು. ಗೋಣಿತಟ್ಟಿನ ಪರದೆ ಬಿಚ್ಚಿದ ಮೇಲೆ ಲೇಥಿನ ಮೈಗೆ ಜಂಗು ಹತ್ತಿದ್ದನ್ನೂ ನಾನು ನೋಡಿದ್ದೇನೆ. ದಿನಾ ಅದನ್ನು ಉಜ್ಜುತ್ತೇನೆ, ಹೋಗುವುದಿಲ್ಲ. ಆ ಊಟದ ಡಬ್ಬಿಯಲ್ಲಿ ಏನಿರುತ್ತಿತ್ತು ಎಂಬುದು ಮಾತ್ರ ಇನ್ನೂ ಗೊತ್ತಾಗಿಲ್ಲ. ಕೇಳಬೇಕೆಂದು ನಾಲಿಗೆ ತುರಿಸುತ್ತದೆ. ಕೇಳುವುದಿಲ್ಲ. ಏನಾದರೂ ಇದ್ದಿರಲಿ.

ಈಗ ಹೇಳುವುದನ್ನು ಸರಿಯಾಗಿ ಓದು. ಎಳ್ಳಮಾವಾಸ್ಯೆಗೆ ಇನ್ನು ಹನ್ನೊಂದು ದಿನ. ಹಳೆ ಬೀಗವನ್ನೇ ಮತ್ತೆ ಹಾಕಿದ್ದೇನೆ. ನೀನು ಹೊಸ್ತಿಲ ಮೇಲೆ ಇಟ್ಟುಹೋದ ಕೀಲಿಕೈಯನ್ನು ಈ ಕಾಗದದ ಮೂಲೆಗೆ ದಾರದಿಂದ ಕಟ್ಟಿದ್ದೇನೆ. ಪೋಸ್ಟನ್ನು ನಂಬದೆ ಅದೇ ಕಂಡಕ್ಟರನ ಕೈಗೆ ಕೊಡುತ್ತಿದ್ದೇನೆ, ಬೈದರೆ ಬೈಯಲಿ. ಅಂದು ನಾವೆಲ್ಲ ಬೆಳಿಗ್ಗೆ ನರೋಣಾದ ಹೊಲಕ್ಕೆ ಹೋಗುತ್ತೇವೆ. ಬಾಗಿಲಲ್ಲಿ ನಿಂತು ನಿನ್ನ ಮುಖ ನೋಡುವ ಧೈರ್ಯ ನನಗಿಲ್ಲ, ಅದಕ್ಕೇ ಆ ದಿನ ಹೇಳುತ್ತಿದ್ದೇನೆ. ಬಂದು ಬುಶ್ ಕೂರಿಸು. ಅಮಾವಾಸ್ಯೆಯ ದಿನ ಮುಟ್ಟಬಾರದು ಎಂದು ಅಪ್ಪ ಹೇಳಿದ್ದು ನನ್ನ ಕೈಗೆ. ನಿನ್ನ ಕೈಗೆ ಯಾರೂ ಹೇಳಿಲ್ಲ. ಕೆಲಸ ಮುಗಿದ ಮೇಲೆ ಹೋಗಬೇಡ, ಕೂತಿರು. ನಿನ್ನ ಪಾಲಿನ ಭಜ್ಜಿ, ರೊಟ್ಟಿ ಹೊಲದಿಂದ ಕಟ್ಟಿಸಿಕೊಂಡು ಬರುತ್ತೇನೆ.

ಹೊರಡುವ ಮುಂಚೆ ಪೂಜೆ ಮಾಡಿ ಈ ಸಲವೂ ಕುಂಕುಮದ ಗೆರೆ ಎಳೆದೇ ಹೋಗುತ್ತೇನೆ. ಸಿಟ್ಟಾಗಬೇಡ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಹಿಡಿದು ನಿಂತ ಸ್ಪಿಂಡಲನ್ನು ತಿರುಗಿಸುವುದು ನನ್ನಿಂದ ಆಗಿಲ್ಲ, ಸೈದಪ್ಪನಿಂದಲೂ ಆಗಿಲ್ಲ. ಸಂಜೆ ನಾನು ಬಂದು ನೋಡಿದಾಗ ಗೆರೆ ಎರಡಾಗಿದ್ದರೆ, ಅದು ಯಾರ ಕೈ ಎಂಬ ಬಗ್ಗೆ ನನಗೆ ಈ ಜನ್ಮದಲ್ಲಿ ಸಂಶಯ ಬರುವುದಿಲ್ಲ.

ಗೌಸಿಯಾಬೇಗಂಗೆ ನನ್ನ ಸಲಾಂ ತಿಳಿಸು. ನಿನ್ನ ಕೈಗಳನ್ನು ದೇವರು ಚೆನ್ನಾಗಿ ಇಟ್ಟಿರಲಿ.

ಗೆರೆ ಮುರಿದಿರಲಿ ಎಂದು ಬೇಡಿಕೊಳ್ಳುವ,
ಮೋನಪ್ಪ ಬಡಿಗೇರ