ಹದಿನೇಳನೇ ನಂಬರ್

ನಮ್ಮ ಮನೆ, ಹಿಂದಿನ ಕೋಣೆ
ಮಾರ್ಚ್ ೧೨

ಪ್ರೀತಿಯ ಇವಳಿಗೆ,

ಮಂಡಿನೋವು ಹೇಗಿದೆ? ತಮ್ಮನ ಮನೆಯ ಮೆಟ್ಟಿಲು ಹತ್ತಿ ಇಳಿದು ಜಾಸ್ತಿ ಮಾಡಿಕೊಂಡಿರುತ್ತೀಯ. ನನಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದ್ದೇನೆ. ಅನ್ನ ಎರಡು ಸಲ ಸೀದಿತು, ಅಷ್ಟೇ. ನೀನು ಹೋಗಿ ಒಂಬತ್ತು ದಿನವಾಯಿತು ಅಂತ ನಾನೇನೂ ಎಣಿಸುತ್ತಾ ಕೂತಿಲ್ಲ.

ನಿನ್ನ ತಮ್ಮ, ಅದೇ ನಮ್ಮ ಚಿಪ್ಪಣ್ಣ, ಇನ್ನೂ ಮುಖ ಊದಿಸಿಕೊಂಡಿದ್ದಾನೆಯೇ? ಮೂವತ್ತೊಂದು ವರ್ಷ ನಿಜವಾದ ಉಗಿ ಎಂಜಿನ್ ಓಡಿಸಿದ ನನ್ನ ಮುಂದೆ, ಬೂಟಿನಷ್ಟುದ್ದದ ಆಟಿಕೆ ಎಂಜಿನ್ನಿನ ಹೊಟ್ಟೆಯಲ್ಲಿ ಉಗುರಿನಷ್ಟು ಚಿಪ್ಪು ಕೂರಿಸಿ (ಚಿಪ್ಪಲ್ಲ, ಚಿಪ್ ಅಂತ ತಿದ್ದುತ್ತಾನೆ ಬೇರೆ), 'ಭಾವ, ಕೇಳಿ, ಥೇಟ್ ನಿಮ್ಮ ಎಂಜಿನ್ನೇ' ಅಂದ ಮಹಾನುಭಾವ. ಥೇಟಂತೆ! ಎರಡು ಸಿಲಿಂಡರಿನ ಎಂಜಿನ್ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ನಾಲ್ಕು ಸಲ ಭುಸ್ ಅಂತ ಉಸಿರು ಬಿಡಬೇಕು. ಇವನದು ಆರು ಸಲ ಬಿಡುತ್ತಿತ್ತು, ದಮ್ಮು ಹತ್ತಿದ ಮುದುಕನ ಹಾಗೆ. ನಾನು ಹೇಳಿದ ಮೇಲೆ ಸರಿಮಾಡಿದ. ಏರು ಹತ್ತುವಾಗ ಸದ್ದು ಭಾರವಾಗಬೇಕು ಅನ್ನುವುದನ್ನೂ ನಾನೇ ಹೇಳಿಕೊಡಬೇಕಾಯಿತು. ಅಂಥವನು ನನಗೇ ಪಾಠ ಹೇಳುತ್ತಾನೆ. ಅವನ ಐದು ಎಂಜಿನ್ನಿಗೂ ಒಂದರಿಂದ ಐದರ ತನಕ ಒಂದೊಂದು ನಂಬರಂತೆ, ರಿಮೋಟಿನಲ್ಲಿ ಆ ನಂಬರ್ ಒತ್ತಿದರೆ ಅದೊಂದೇ ಓಡುವುದಂತೆ. ನಂಬರ್ ಬದಲಿಸಬೇಕಾದರೆ ಪಕ್ಕದ ತುಂಡು ಹಳಿಯ ಮೇಲೆ ಒಂಟಿಯಾಗಿ ನಿಲ್ಲಿಸಿಕೊಂಡೇ ಬದಲಿಸಬೇಕಂತೆ, ದೊಡ್ಡ ಹಳಿಯ ಮೇಲೆ ಮಾತ್ರ ಕೂಡದಂತೆ. ಮೂರು ಸಲ ಹೇಳಿದ, ಕೂಸಿಗೆ ಒಲೆ ಮುಟ್ಟಬೇಡ ಅನ್ನುವ ಹಾಗೆ.

ಆಮೇಲೆ ಆದದ್ದನ್ನು ನೀನೇ ನೋಡಿದೆ. ರೈಲು ಮ್ಯೂಸಿಯಂ ಸಾಹೇಬರು ಇದೇ ಕೋಣೆಗೆ ಬಂದು ಕೂತರು. ಅವರು ಮೆಚ್ಚಿದ್ದರೆ ಇವನಿಗೆ ಅಲ್ಲಿ ಖಾಯಂ ಕೆಲಸ. ಒಂದು ಒತ್ತಿದ, ಎರಡು ಒತ್ತಿದ, ಐದರ ತನಕ ಒತ್ತಿದ. ಐದರಲ್ಲಿ ಒಂದಾದರೂ ಮಿಸುಕಿತೇ? ಸಾಹೇಬರು ಗಡಿಯಾರ ನೋಡಿಕೊಂಡು ಎದ್ದರು. ಚಿಪ್ಪು ಕೂರಿಸಿದವನು ಎಲ್ಲರ ಕೈಗೂ ಚಿಪ್ಪು ಕೊಟ್ಟ ಅಂತ ನಾನು ಅವರ ಮುಂದೆಯೇ ಅಂದೆ. ಅದಕ್ಕೆ ನೀನು 'ರೀ, ಅವನ ಅನ್ನ ಕಿತ್ಕೊಂಡ್ರಲ್ಲ' ಅಂದವಳು ಅವನ ಹಿಂದೆಯೇ ಹೊರಟುಬಿಟ್ಟೆ. ನಾನು ಹೇಳಿದ್ದರಲ್ಲಿ ತಪ್ಪೇನಿದೆ? ಕೆಲಸ ಬಾರದವನಿಗೆ ಬಾರದು ಅಂದೆ.

ಮಂಡಿಗೆ ಎಣ್ಣೆ ಹಚ್ಚಿಕೋ. ನಿನ್ನ ಕನ್ನಡಕ ಇಲ್ಲೇ ಕಿಟಕಿಯ ಮೇಲಿದೆ, ಇದನ್ನು ಯಾರ ಹತ್ತಿರ ಓದಿಸಿಕೊಳ್ಳುತ್ತೀಯೋ ಕಾಣೆ.

ನಿನ್ನ 'ರೀ'

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು. ಸಾಹೇಬರು ಬಂದ ದಿನ ಬೆಳಿಗ್ಗೆ, ಚಿಪ್ಪಣ್ಣ ಸ್ನಾನಕ್ಕೆ ಹೋಗಿದ್ದಾಗ, ಕರಿ ಎಂಜಿನ್ನಿಗೆ ನನ್ನ ಹಳೇ ಎಂಜಿನ್ನಿನ ನಂಬರ್ ಹಾಕಿದೆ, ಹದಿನೇಳು. ಎಲ್ಲರ ಮುಂದೆ ನಾನೇ ಒತ್ತಿ ಜಂಬ ಕೊಚ್ಚಿಕೊಳ್ಳೋಣ ಅಂತ. ತುಂಡು ಹಳಿಗೆ ಯಾರು ಒಯ್ಯುತ್ತಾರೆ, ಐದೂ ಸಾಲಾಗಿ ನಿಂತಿದ್ದ ದೊಡ್ಡ ಹಳಿಯ ಮೇಲೇ ಹಾಕಿದೆ. ಅವನು ಬೆವರುತ್ತಾ ನಿಂತಿದ್ದಾಗ, ಮುಟ್ಟಿದ್ದೆ ಅಂತ ಹೇಳಲು ಬಾಯಿ ಬರಲಿಲ್ಲ. ನಿನ್ನೆ ಸಂಜೆ ಒಬ್ಬನೇ ಕೂತು ಹದಿನೇಳು ಒತ್ತಿದೆ. ಐದೂ ಒಟ್ಟಿಗೆ ಕೂಗಿದವು. ಥೇಟ್ ನನ್ನ ಎಂಜಿನ್ನೇ ಕಣೇ. ಇವತ್ತು ಸಾಹೇಬರ ಮನೆಗೆ ಹೋಗಿ ತಪ್ಪು ನನ್ನದು ಅಂದು ಬಂದೆ. ಭಾನುವಾರ ಹತ್ತು ಗಂಟೆಗೆ ಮತ್ತೆ ಬರುತ್ತಾರೆ. ಇಬ್ಬರೂ ಅಷ್ಟರೊಳಗೆ ಬನ್ನಿ. ನಂಬರ್ ಮತ್ತೆ ಬೇರೆ ಬೇರೆ ಮಾಡಲು ನನಗೆ ಬಾರದು.