ಬಾಳಂತಿ ಕೋಣೆಗೆ ಕಿಟಕಿ

ಕದ್ವಾಡ, ಕಾರವಾರ ತಾಲೂಕು
೧೭ ನವೆಂಬರ್ ೧೯೯೩

ಮುಂಬೈಯಲ್ಲಿ ಮಾದೇವಿಯ ಖೋಲಿಯೊಳಗೆ ನೆರೆದಿರುವ ಸಮಸ್ತ ಸಭಾಸದರಿಗೂ, ಮಂಚದ ಮೇಲೆ ಮಂಡಿಸಿರುವ ಅಧ್ಯಕ್ಷರಿಗೂ, ಬಾಗಿಲ ಸಂದಿಯಲ್ಲಿ ಕಿವಿಗೊಟ್ಟು ನಿಂತ ನೆರೆಮನೆಯವರಿಗೂ ಕದ್ವಾಡದಿಂದ ವಂದನೆಗಳು. ನನ್ನ ಕಾಗದವನ್ನು ನಾದಿನಿ ಮಾದೇವಿ ಗಟ್ಟಿಯಾಗಿ ಓದಿ ಹೇಳುತ್ತಾಳೆ, ಚಾಳಿನ ಅರ್ಧ ಮಂದಿ ಕೇಳುತ್ತಾರೆ ಎಂದು ಗೊತ್ತಿರುವುದರಿಂದ ಸಭೆಯ ಮರ್ಯಾದೆಯನ್ನು ಮೊದಲೇ ಸಲ್ಲಿಸಿದ್ದೇನೆ.

ಪ್ರೀತಿಯ ಅತ್ತೇ,

ಆಪರೇಷನ್ ಆದ ಕಣ್ಣಿನ ಪಟ್ಟಿ ಬಿಚ್ಚಿದರಂತೆ, ಈಗ ಹೇಗಿದೆ? ಔಷಧದ ಹನಿ ತಪ್ಪಿಸಬೇಡಿ, ಒಲೆಯ ಮುಂದೆ ಕೂರಬೇಡಿ. ಮುಂಬೈಯ ಬಂಗಡೆಗೆ ರುಚಿಯಿಲ್ಲವೆಂದು ಮಗಳ ಮನೆಯಲ್ಲಿ ಹೇಳಬೇಡಿ. ಊರಿಗೆ ಬಂದ ಮೇಲೆ ಹೇಗೂ ಇಲ್ಲಿಯ ಬಂಗಡೆಗೂ ಹಾಗೇ ಹೇಳುವವರಿದ್ದೀರಿ. ನಿಮ್ಮ ಮಗ ಆರಾಮ. ನಿಮ್ಮ ಮೊಮ್ಮಗಳು ಸುಮಿತಾ ಹೆರಿಗೆಗೆಂದು ಹೋದ ವಾರ ಅಂಕೋಲೆಯಿಂದ ಬಂದಿದ್ದಾಳೆ. ಹೊಟ್ಟೆ ಮುಂದೆ, ಅವಳು ಹಿಂದೆ. ತಿನ್ನುವುದಕ್ಕೆ ಮಾತ್ರ ಎಲ್ಲರಿಗಿಂತ ಮುಂದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಮನೆಮನೆಯ ಗಾಳಿಯಲ್ಲಿ ರೇಡಾನ್ ಎಂಬ ಅನಿಲ ಎಷ್ಟಿದೆ ಎಂದು ನೋಡಲು ಸರ್ವೆಯ ರಾಜೀವ ಬಂದಿದ್ದನಲ್ಲ, ಬಾಳಂತಿಯರು ಮಲಗುವ ನಮ್ಮ ಒಳಕೋಣೆಯ ಜಂತಿಗೆ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕಟ್ಟಿ, ಮೂರು ತಿಂಗಳು ಮುಟ್ಟಬೇಡಿ ಎಂದಿದ್ದ. ಆ ಅನಿಲ ನೆಲದ ಮಣ್ಣಿನಿಂದ ಏಳುತ್ತದಂತೆ, ಹೆಚ್ಚಾದರೆ ಶ್ವಾಸಕೋಶಕ್ಕೆ ಕೆಟ್ಟದಂತೆ. ಬಣ್ಣವಿಲ್ಲ, ವಾಸನೆಯಿಲ್ಲ, ಬಂದು ಕೂತರೆ ಸದ್ದೇ ಇಲ್ಲ. ನಮ್ಮ ನೆಂಟರಲ್ಲಿ ಇಷ್ಟು ಸಭ್ಯರು ಯಾರೂ ಇಲ್ಲ. ಅವನು ಅಂಗಳದ ಬೇಲಿಯ ದಣಪೆ ದಾಟುವ ಮೊದಲೇ ನೀವು ಡಬ್ಬಿ ಬಿಚ್ಚಿ ಜಗಲಿಗೆ ಕಟ್ಟಿದಿರಿ. “ಊರ ಗಾಳಿ ಲೆಕ್ಕಕ್ಕೆ ಬರ್ಲಿ. ನಮ್ಮನೆ ಹೆಸ್ರು ಎಂತಕ್ಕೆ ಹಾಳು ಮಾಡೂದು?” ಎಂದಿರಿ. ಅವನು ಒಯ್ಯಲು ಬರುವ ಹಿಂದಿನ ದಿನ ಮತ್ತೆ ಕೋಣೆಗೆ ಕಟ್ಟಿದಿರಿ. ಕದ್ವಾಡದಲ್ಲೇ ನಮ್ಮ ಕೋಣೆ ಶುದ್ಧ ಎಂದು ಚೀಟಿ ಬಂದಾಗ ಸೂಲಗಿತ್ತಿ ಬೊಮ್ಮಿಯ ಎದುರಿಗೆ, “ನಾ ಹೇಳ್ಲಿಲ್ವನೇ?” ಎಂದು ಸೆರಗು ಝಾಡಿಸಿದಿರಿ.

ನೀವು ಮುಂಬೈ ಬಸ್ಸು ಹತ್ತಿದ ಮೇಲೆ ರಾಜೀವನಿಗೆ ನಿಜ ಹೇಳಿ ಇನ್ನೊಂದು ಡಬ್ಬಿ ಕಟ್ಟಿಸಿದೆ. ಈ ಸಲ ಅದು ಕೋಣೆಯಲ್ಲೇ ಇತ್ತು. ಲೆಕ್ಕ ಬಂದಿದೆ: ಜಗಲಿಯದಕ್ಕಿಂತ ನಾಲ್ಕು ಪಟ್ಟು! ಗಾಳಿ ಆಡಿದರೆ ಅದು ಹೊರಟುಹೋಗುತ್ತದೆ, ಮುಚ್ಚಿದರೆ ಒಳಗೇ ಕೂರುತ್ತದೆ. ನಾವೋ ಬಾಳಂತಿಗೆ ಗಾಳಿ ತಾಗಬಾರದೆಂದು ಇದ್ದೊಂದು ಕಿಂಡಿಗೂ ಹಳೆ ಸೀರೆ ತುರುಕಿ, ಬಾಗಿಲು ಹಾಕಿ, ಮಡಕೆಯಲ್ಲಿ ಕೆಂಡ ಇಡುವವರು. ಆದ್ದರಿಂದ ಗೌಂಡಿ ದೇವಿದಾಸನನ್ನು ಕರೆಸಿ, ಪಡುವಣ ಗೋಡೆಯ ಚಿರೇಕಲ್ಲು ಬಿಡಿಸಿ, ಕಿಟಕಿ ಇಡಿಸಿದ್ದೇನೆ. ಹೌದು, ಮಾವ ಕಟ್ಟಿಸಿದ ಗೋಡೆಯೇ. ನಿಮ್ಮ ಮಗ, “ಆಯಿಗೆ ನೀನೇ ಬರಿ, ನಾ ಗದ್ದೆಗೆ ಹೋಗ್ತೆ” ಎಂದು ಹೋದವರು ಕಲ್ಲಿನ ಧೂಳು ಅಡಗಿದ ಮೇಲೆಯೇ ಬಂದರು. ಬೊಮ್ಮಿ ಬಂದು ಎದೆ ಬಡಿದುಕೊಂಡಳು: “ಅಯ್ಯೋ ಕಲಾವತಕ್ಕಾ, ನಿನ್ನ ಅತ್ತೆ ಬಂದ್ರೆ ನಿನ್ನನ್ನೇ ಆ ಕಿಟಕಿಯಿಂದ ಹೊರಗೆ ಎಸೀತ್ರು!” “ಅದ್ಕೇ ಸರಳು ಹಾಕ್ಸಿದ್ದೆ ಮಾರಾಯ್ತಿ” ಎಂದೆ.

ನೀವು ಬಂದು ಮುಚ್ಚಿಸುವಿರಾದರೆ ಈಗಲೇ ಹೇಳಿಬಿಡುತ್ತೇನೆ, ಮುಚ್ಚಲು ಬಿಡುವುದಿಲ್ಲ. ನಿಮಗೆ ಸಿಟ್ಟು, ನನಗೆ ಪಟ್ಟು. “ಬಿ.ಎ. ಕಲ್ತವ್ಳಿಗೆ ಗಾಳಿ ಜಾಸ್ತಿ ಬೇಕು” ಎಂದು ಇಷ್ಟು ವರ್ಷ ಆಡಿದ್ದೀರಿ, ಇನ್ನೂ ಆಡಿ, ಕಿಟಕಿಯ ಪಕ್ಕದಲ್ಲೇ ಕೂತು ಆಡಿ. ವಿಜ್ಞಾನವೇ ಹೀಗೆ ಹೇಳಿದ ಮೇಲೆ ಬಡ ಸೊಸೆ ಏನು ಮಾಡಿಯಾಳು?

ಮಾದೇವಿಯ ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸಿ. ಮರಿಮಗುವನ್ನು ನೋಡಲು ಬೇಗ ಬನ್ನಿ, ಬೈಯುವುದಕ್ಕಾದರೂ ಬನ್ನಿ. ನಿಮ್ಮ ಪಾದಗಳಿಗೆ ನಮಸ್ಕರಿಸಿ,

ನಿಮ್ಮ ಸೊಸೆ
ಕಲಾವತಿ

ತಾ.ಕ.: ಮಾದೇವಿ, ಇದನ್ನೂ ಗಟ್ಟಿಯಾಗಿಯೇ ಓದು. ಅತ್ತೇ, ರಾಜೀವ ಹೇಳಿದ್ದರಲ್ಲಿ ಅರ್ಧ ಮಾತ್ರ ಬರೆದಿದ್ದೇನೆ. ನಾಲ್ಕು ಪಟ್ಟಾದರೂ ಅದು ಎಲ್ಲರ ಮನೆಯಲ್ಲಿ ಇರುವಷ್ಟೇ ಅಂತೆ, ಬಾಳಂತಿ ಮಲಗುವ ದಿನಗಳಿಗೆ ಏನೂ ಆಗುವುದಿಲ್ಲವಂತೆ. “ಇದಕ್ಕಾಗಿ ಗೋಡೆ ಒಡೀಬೇಡಿ ಅಕ್ಕೋರೆ” ಎಂದೂ ಹೇಳಿದ. ನಾನು ಒಡೆಸಿದ್ದು ಅದಕ್ಕಲ್ಲ. ಸುಮಿತಾ ಹುಟ್ಟಿದಾಗ ಆ ಕೋಣೆಯಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. ಬಾಗಿಲು ತೆಗೆಯಿರಿ ಎಂದು ಅಳುತ್ತ ಬೇಡಿದೆ. ನೀವು ಇನ್ನೊಂದು ಕಂಬಳಿ ಹೊದಿಸಿದಿರಿ. ನನ್ನ ಮಗಳು ಗಾಳಿಯನ್ನು ಬೇಡಬೇಕಾಗಿ ಬರಬಾರದು.